ನಿಮಗಿದು ಗೊತ್ತೆ? ಹೂತಿಟ್ಟ ಗಡಿಗೆಯೇ ನೀರುಣಿಸುತ್ತದೆ!

ಮಣ್ಣಲ್ಲಿ ಹೂತಿಟ್ಟ ಗಡಿಗೆಗೆ ಗಿಡದ ಬಾಯಾರಿಕೆ ತಿಳಿಯುತ್ತದೆ. ಸುತ್ತಲಿನ ಮಣ್ಣು ಒಣಗಿದರೆ ನೀರು ಜಿನುಗುತ್ತದೆ. ತೊಯ್ದಿದ್ದರೆ ಜಿನುಗುವುದು ತಾನಾಗಿ ನಿಧಾನವಾಗುತ್ತದೆ. ಗಡಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ಒಣಮಣ್ಣೇ ನೀರನ್ನು ಹೀರಿಕೊಳ್ಳುತ್ತದೆ.

ಚೀನಾದ ರೈತರಿಗೆ ಇದು 2,000 ವರ್ಷಗಳ ಹಿಂದೆಯೇ ಗೊತ್ತಿತ್ತು. ಕ್ರಿ.ಪೂ. 1ನೇ ಶತಮಾನದ ಫಾನ್ ಶೆಂಗ್‌ಝಿಯ ಕೃಷಿಗ್ರಂಥದಲ್ಲಿ ಪೂರ್ತಿ ವಿಧಾನವೇ ಇದೆ: ಬಾಯಿ ನೆಲಮಟ್ಟಕ್ಕೆ ಬರುವಂತೆ ಗಡಿಗೆ ಹೂಳಬೇಕು, ಸುತ್ತ ನಾಲ್ಕು ಕರಬೂಜದ ಬೀಜ ಊರಬೇಕು, ಮೇಲೆ ಹಂಚು ಮುಚ್ಚಬೇಕು.

ಔರಾದ್ ತಾಲ್ಲೂಕಿನ ಚಿಂತಾಕಿಯಂಥ ಬಿಸಿಲೂರಿನ ಹಿತ್ತಲಿಗೆ ಇದು ಹೇಳಿ ಮಾಡಿಸಿದ್ದು. ಬೇಸಿಗೆಗೆ ಹೊಸ ಗಡಿಗೆ ಬಂದ ಮೇಲೆ ಮೂಲೆ ಸೇರುವ ಹಳೆಯದೇ ಸಾಕು. ಬಿರುಕು ಬಿಟ್ಟಿರಬಾರದು, ಬಣ್ಣ ಹಚ್ಚಿರಬಾರದು. ಮೈಮೇಲೆ ಉಪ್ಪು ಕಟ್ಟಿದ್ದರೆ ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ. ಬದನೆ, ಟೊಮೆಟೊ ಸಸಿಯನ್ನು ಗಡಿಗೆಯಿಂದ ಗೇಣು ದೂರದೊಳಗೇ ನೆಡಿ. ಬೇರು ಅತ್ತಲೇ ಹರಿಯುತ್ತದೆ. ಸುತ್ತ ತೊಗರಿ ಹೊಟ್ಟು ಹಾಸಿದರೆ ತೇವ ಬೇಗ ಆರದು, ಮುಂದೆ ಅದೇ ಕೊಳೆತು ಗೊಬ್ಬರವಾಗುತ್ತದೆ. ಸೊಳ್ಳೆ ಮೊಟ್ಟೆಯಿಡದಂತೆ ಬಾಯಿ ಮುಚ್ಚಿಡುವುದನ್ನು ಮಾತ್ರ ಮರೆಯಬೇಡಿ.