ಹೂವಿಲ್ಲದ ಹೂಗಿಡ

ಮಾರ್ಚ್ ತಿಂಗಳ ಭಾನುವಾರ ಲಾಲ್‌ಬಾಗಿನ ಬೆನ್ನಿಗಿರುವ ಸಿದ್ದಾಪುರದಲ್ಲಿ ಜನವೋ ಜನ. ನರ್ಸರಿಗಳ ಮುಂದೆ ಕಪ್ಪು ಪ್ಲಾಸ್ಟಿಕ್ ಚೀಲಗಳ ಸಾಲು. ಆಗಷ್ಟೇ ಪೈಪಿನಲ್ಲಿ ನೀರು ಬಿಟ್ಟಿದ್ದರಿಂದ ಕಾಲಿಟ್ಟಲ್ಲೆಲ್ಲ ಕೆಸರು. ಕಾಗದದ ಹೂವು, ಕೇಪಳ, ಕಸಿ ದಾಸವಾಳ ರಸ್ತೆಗೇ ಮುಖಮಾಡಿ ನಿಂತಿವೆ. ಬಂದವರ ಕಣ್ಣು ಮೊದಲು ಬೀಳುವುದು ಹೂವಿನ ಮೇಲೆ ಅಂತ ಮಾರುವವರಿಗೆ ಗೊತ್ತು. ಹೂ ಬಿಡದವೆಲ್ಲ ಹಿಂದುಗಡೆ, ಹಸಿರು ಬಲೆಯ ನೆರಳಲ್ಲಿವೆ. ಗಿಡದ ಗುರುತು ಕಲಿಯುವ ಆಸೆಯಿದ್ದವರು ಅಲ್ಲಿಗೇ ನುಗ್ಗಬೇಕು.

"ಅಣ್ಣ, ಈ ಪಿಂಕ್ ಮರ ಇದೆಯಾ?" ಹೆಂಗಸೊಬ್ಬರು ಮೊಬೈಲು ಚಾಚಿದರು. ಎಲೆಯೆಲ್ಲ ಕಳಚಿ ಮೈತುಂಬ ಗುಲಾಬಿ ಹೊದ್ದ ಟಬೇಬುಯಾ. ನರ್ಸರಿಯಾತ ತಂದಿಟ್ಟದ್ದು ಮೊಣಕಾಲೆತ್ತರದ ಒಂದು ಕಡ್ಡಿ. ಒಂದೊಂದು ತೊಟ್ಟಿನ ತುದಿಗೂ ಬೆರಳು ಬಿಡಿಸಿದ ಅಂಗೈಯಂತೆ ಐದೈದು ಎಲೆ.

"ಇದಾ?"

"ಇದೇ ಅಮ್ಮ. ಮನೆ ಮುಂದೆ ಜಾಗ ಎಷ್ಟೈತೆ?"

ತರ್ಟಿ ಫಾರ್ಟಿ ಸೈಟು, ಗೇಟಿನ ಪಕ್ಕ ನಾಲ್ಕಡಿ, ಮೇಲೆ ಕರೆಂಟಿನ ತಂತಿ. ಆತ ಮಾತಾಡದೆ ಗಿಡವನ್ನು ವಾಪಸ್ಸು ಒಯ್ದ. ಬಂದ ವ್ಯಾಪಾರ ಹೀಗೆ ಬಿಟ್ಟುಕೊಡುವವರು ಆ ಸಾಲಿನಲ್ಲಿ ಕಡಿಮೆ.

ಪಕ್ಕದಲ್ಲೇ ಗುಲ್‌ಮೊಹರ್, ಜಕರಂಡಾ ಸಸಿಗಳಿದ್ದವು. ಒಂದು ಮಡಗಾಸ್ಕರದ್ದು, ಇನ್ನೊಂದು ದಕ್ಷಿಣ ಅಮೆರಿಕದ್ದು. ಹೂವಾದರೆ ಕೆಂಪು, ನೇರಳೆ ಎಂದು ಮಗುವೂ ಹೇಳೀತು. ಸಸಿಯಲ್ಲಿ ಎರಡಕ್ಕೂ ಹಕ್ಕಿಯ ಗರಿಯಂಥ ಅದೇ ಸಣ್ಣೆಲೆ. ಬಗ್ಗಿ ನೋಡಬೇಕು. ಗುಲ್‌ಮೊಹರಿನ ಕಿರುಎಲೆಯ ತುದಿ ಮೊಂಡು, ಜಕರಂಡಾದ್ದು ಚೂಪು. ಜಕರಂಡಾದ ಗರಿಗಳು ಕಾಂಡದ ಮೇಲೆ ಎದುರುಬದುರಾಗಿ ಜೋಡಿಜೋಡಿಯಾಗಿ ಹೊರಟರೆ, ಗುಲ್‌ಮೊಹರಿನವು ಅತ್ತ ಒಂದು, ಇತ್ತ ಒಂದು. ಇಷ್ಟು ಕಣ್ಣಿಗೆ ಹಿಡಿದರೆ ಸಾಕು, ಬೋರ್ಡಿಲ್ಲದ ರಸ್ತೆಯಲ್ಲೂ ಮೋಸಹೋಗುವುದಿಲ್ಲ.

ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂ ಉದುರುವಾಗ ಇನ್ನೊಂದರ ಸರದಿ ಬರುತ್ತದಲ್ಲ, ಅದು ತಾನಾಗಿ ಆದದ್ದಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನ್ ತೋಟಗಾರ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಹೂವಿನ ಜೊತೆಗೆ ಅದರ ತಿಂಗಳನ್ನೂ ನೋಡಿ ಮರ ಆರಿಸಿದವರು. ಟಬೇಬುಯಾ, ಜಕರಂಡಾ ಮುಗಿಯುವ ಹೊತ್ತಿಗೆ ಹೊಂಗೆ. ಬಿಸಿಲು ನೆತ್ತಿಗೇರಿದಂತೆ ಗುಲ್‌ಮೊಹರ್, ಕಕ್ಕೆ, ಹೊಳೆ ದಾಸವಾಳ. ವರ್ಷದ ಕೊನೆಗೆ ಆಕಾಶಮಲ್ಲಿಗೆ. ಈಗಿನ ಲೇಔಟುಗಳಲ್ಲಿ ಫೋಟೋಕ್ಕೆಂದು ರಸ್ತೆಯುದ್ದಕ್ಕೂ ಒಂದೇ ಜಾತಿ ನೆಡುವ ಚಾಳಿ ನನಗಂತೂ ಹಿಡಿಸುವುದಿಲ್ಲ. ಕೆಲವು ವಾರ ಹಬ್ಬ, ಆಮೇಲೆ ವರ್ಷವಿಡೀ ಅದೇ ಹಸಿರು.

ಆ ಅಮ್ಮ ಅಷ್ಟರಲ್ಲಿ ಕಣಗಿಲೆಯ ಹತ್ತಿರ ನಿಂತಿದ್ದರು. "ಮನೇಲಿ ಸಣ್ಣ ಮಕ್ಕಳವ್ರಾ? ಹಂಗಾದ್ರೆ ಬೇಡ, ಬೇರಿಂದ ಹೂವಿನವರೆಗೂ ವಿಷ" ಎಂದ. ಕಾಗದದ ಹೂವಿನ ಬಣ್ಣ ಮುಟ್ಟಿದಾಗ, ಅದು ಹೂವಲ್ಲ, ಎಲೆ ಎಂದು ಬಿಡಿಸಿ ತೋರಿಸಿದ: ಮೂರು ಬಣ್ಣದೆಲೆಗಳ ನಡುವೆ ಕಡ್ಡಿಯಷ್ಟು ಸಣ್ಣ ಬಿಳಿ ಹೂವುಗಳು. ನಂದಿಬಟ್ಟಲಿನ ಎಲೆ ಚಿವುಟಿ ಹಾಲು ಜಿನುಗಿಸಿದ.

ಕೊನೆಗೆ ಮೂಲೆಯಿಂದ ಒಂದು ಗಿಡ ಎಳೆದು, "ಕಣ್ಣು ಮುಚ್ಕೊಂಡು ಮುಟ್ಟಿ" ಎಂದ. ಎಲೆ ಒರಟೊರಟು, ಎಳೆಯ ಕಡ್ಡಿ ಉರುಟಾಗಿರದೆ ನಾಲ್ಕು ಮೂಲೆಯದು.

"ಪಾರಿಜಾತ! ನಮ್ಮಜ್ಜಿ ಮನೇಲಿತ್ತು."

"ತಂತಿ ಮುಟ್ಟೋಕೆ ಮುಂಚೆ ಸವರಿ, ಮತ್ತೆ ಚಿಗುರ್ತದೆ. ಮಳೆಗಾಲ ಕಳೀತಿದ್ದಂಗೆ ಬೆಳಗ್ಗೆ ಎದ್ದು ಗೇಟ್ ತೆಗೀರಿ, ಹೂವು ನೆಲದ ಮೇಲಿರ್ತದೆ."

ಆಕೆ ಪರ್ಸು ತೆಗೆದರು, ತೆಗೆದವರು ತಡೆದರು. "ಹೂವೇ ಇಲ್ವಲ್ಲ ಅಣ್ಣ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ."

"ಹೂವಿದ್ದಿದ್ರೆ ಇನ್ನೂ ಐವತ್ತು ಜಾಸ್ತಿ ಹೇಳ್ತಿದ್ದೆ ಅಮ್ಮ" ಎನ್ನುತ್ತ ಆತ ಆಗಲೇ ಚೀಲವನ್ನು ಆಟೋದೊಳಗೆ ಇಡುತ್ತಿದ್ದ.