ಪೊರಕೆಯ ಜೊತೆ ಕುಣಿದ ಹುಡುಗ

ಅಂಗಡಿಯ ಮುಂದೆ ಟರ್ಬೊ ಎಂಬ ಹುಡುಗ ಕಸ ಗುಡಿಸುತ್ತಿದ್ದಾನೆ. ಹಿನ್ನೆಲೆಯಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ‘ಟೂರ್ ದ ಫ್ರಾನ್ಸ್’. ಗುಡಿಸುತ್ತ ಗುಡಿಸುತ್ತಲೇ ಭುಜ ಅದುರುತ್ತದೆ. ಆ ಅದುರು ಮೊಣಕೈಗೆ, ಮಣಿಕಟ್ಟಿಗೆ, ಬೆರಳಿಗೆ ಇಳಿದು ಪೊರಕೆಯ ಉದ್ದ ಹಿಡಿಗೂ ಹರಿದಂತೆ ಕಾಣುತ್ತದೆ. ಪಾದಗಳು ನೆಲದ ಮೇಲೆ ಜಾರುತ್ತವೆ. ಕೈ ಬಿಟ್ಟರೂ ಪೊರಕೆ ಬೀಳದೆ ಗಾಳಿಯಲ್ಲಿ ನಿಲ್ಲುತ್ತದೆ. ದಾರ ಕಟ್ಟಿದ್ದಾರೆ, ಗೊತ್ತೇ ಇದೆ. ಆದರೆ ದಾರ ಹುಡುಕುವ ಮನಸ್ಸೇ ಬಾರದಷ್ಟು ಚೆನ್ನಾಗಿ ಅವನ ಮೈ ಕುಣಿಯುತ್ತಿರುತ್ತದೆ.

1984ರ ‘ಬ್ರೇಕಿನ್’ ಚಿತ್ರದ ದೃಶ್ಯವಿದು. ಹುಡುಗ ಮೈಕೆಲ್ ಚೇಂಬರ್ಸ್. ಕುಣಿಯುವವರ ನಡುವೆ ಅವನ ಹೆಸರು ಬೂಗಲೂ ಶ್ರಿಂಪ್. ಅಮೆರಿಕದ ಊರೂರಲ್ಲಿ ಹುಡುಗರು ರಟ್ಟು ಹಾಸಿಕೊಂಡು ಬೆನ್ನ ಮೇಲೆ ಬುಗುರಿಯಂತೆ ತಿರುಗುತ್ತಿದ್ದ ಕಾಲ. ಆ ಬ್ರೇಕ್ ಡಾನ್ಸ್ ಹುಚ್ಚು ಇಳಿಯುವುದರೊಳಗೆ ದುಡ್ಡು ಮಾಡಿಕೊಳ್ಳಬೇಕೆಂದು ಕ್ಯಾನನ್ ಫಿಲ್ಮ್ಸ್‌ನ ಮೆನಾಹೆಮ್ ಗೋಲನ್ ಮತ್ತು ಯೋರಾಮ್ ಗ್ಲೋಬಸ್ ಹೊರಟರು. ಹ್ಯಾರಿ ಬೆಲಫಾಂಟೆ ನಿರ್ಮಾಣದ, ಇದೇ ಕುಣಿತದ ‘ಬೀಟ್ ಸ್ಟ್ರೀಟ್’ ಚಿತ್ರ ಜೂನ್‌ನಲ್ಲಿ ಬರುವುದಿತ್ತು. ಇವರು ಮೇ 4ಕ್ಕೇ ತಮ್ಮ ಚಿತ್ರವನ್ನು ತೆರೆಗೆ ತಂದುಬಿಟ್ಟರು. ಖರ್ಚು ಸುಮಾರು 12 ಲಕ್ಷ ಡಾಲರ್, ಅಮೆರಿಕದ ಗಳಿಕೆಯೇ 3.8 ಕೋಟಿ ದಾಟಿತು.

ಕತೆ ತೀರಾ ತೆಳು. ಜಾಝ್ ನೃತ್ಯ ಕಲಿಯುವ ಹುಡುಗಿಗೆ ಲಾಸ್ ಏಂಜಲೀಸ್‌ನ ವೆನಿಸ್ ಬೀಚ್‌ನಲ್ಲಿ ಓಝೋನ್, ಟರ್ಬೊ ಎಂಬ ಇಬ್ಬರು ಬೀದಿ ನರ್ತಕರ ಗೆಳೆತನವಾಗುತ್ತದೆ, ಕೊನೆಗೊಂದು ಆಡಿಷನ್. ಬೀಚಿನ ಗುಂಪಿನಲ್ಲಿ ಕಪ್ಪು ಬಿಗಿ ಉಡುಪಿನವನೊಬ್ಬ ಸಿಕ್ಕಾಪಟ್ಟೆ ಹುರುಪಿನಿಂದ ಚಪ್ಪಾಳೆ ತಟ್ಟುತ್ತಾನೆ: ಮುಂದೆ ಆ್ಯಕ್ಷನ್ ತಾರೆಯಾದ, ಆಗಿನ್ನೂ ಯಾರಿಗೂ ಗೊತ್ತಿಲ್ಲದ ಜಾನ್ ಕ್ಲಾಡ್ ವಾನ್ ಡ್ಯಾಮ್. ಕ್ಲಬ್ಬಿನಲ್ಲಿ ಮೈಕ್ ಹಿಡಿದವನು ರ‍್ಯಾಪ್ ಗಾಯಕ ಐಸ್-ಟಿ.

ಮಾತಿನಲ್ಲಿ, ಕತೆಯಲ್ಲಿ, ಎಲ್ಲದರಲ್ಲೂ ಅವಸರ ಕಾಣುತ್ತದೆ, ಕುಣಿತವೊಂದನ್ನು ಬಿಟ್ಟು. ಓಝೋನ್ ಪಾತ್ರದ ಅಡಾಲ್ಫೊ ಕಿನ್ಯೋನೆಸ್, ಅಂದರೆ ಶಾಬಾ-ಡೂ, 1970ರ ದಶಕದಲ್ಲೇ ಡಾನ್ ಕ್ಯಾಂಪ್‌ಬೆಲ್ ಅವರ ‘ಲಾಕರ್ಸ್’ ತಂಡದಲ್ಲಿ ಪಳಗಿದವರು. ತೋಳನ್ನು ಬೀಸಿ ಎಸೆದು, ನಡುವೆಯೇ ಗಕ್ಕನೆ ನಿಲ್ಲಿಸುವ ಆ ‘ಲಾಕಿಂಗ್’ ಅವರ ಮೈಗೆ ಹತ್ತಿದ ವಿದ್ಯೆ. ನಿರ್ಮಾಪಕರು ಕೊಂಡದ್ದು ಒಂದು ಸೀಸನ್ನಿನ ಹುಚ್ಚನ್ನು. ಕ್ಯಾಮೆರಾಕ್ಕೆ ಸಿಕ್ಕಿದ್ದು ವರ್ಷಗಟ್ಟಲೆಯ ಸಾಧನೆ. ಇಂಥ ಚಿತ್ರಗಳನ್ನು ಅಗ್ಗದ ಸರಕೆಂದು ತಳ್ಳಿಹಾಕುವವರ ಜೊತೆ ನನ್ನ ಜಗಳವಿರುವುದು ಇಲ್ಲೇ.

ಅದೇ ವರ್ಷ ಡಿಸೆಂಬರಿಗೆ ಎರಡನೇ ಭಾಗವೂ ಬಂತು. ಅದರಲ್ಲಿ ಟರ್ಬೊ ಕೋಣೆಯ ಗೋಡೆ ಹತ್ತಿ, ಸೂರಿನ ಮೇಲೆ ತಲೆಕೆಳಗಾಗಿ ಕುಣಿಯುತ್ತಾನೆ; ಸೆಟ್ಟನ್ನೇ ತಿರುಗಿಸಿ ಚಿತ್ರೀಕರಿಸಿದ್ದು. 1951ರ ‘ರಾಯಲ್ ವೆಡ್ಡಿಂಗ್’ನಲ್ಲಿ ನಟ, ನರ್ತಕ ಫ್ರೆಡ್ ಅಸ್ಟೇರ್ ಸೂರಿನ ಮೇಲೆ ಕುಣಿದದ್ದೂ ಹೀಗೆಯೇ. ಟೋಪಿ ನೇತುಹಾಕುವ ಕಂಬವನ್ನು ಜೊತೆಗಾತಿ ಮಾಡಿಕೊಂಡು ಅವರು ಕುಣಿದದ್ದೂ ಅದೇ ಚಿತ್ರದಲ್ಲಿ. ಸಿನಿಮಾ ಚರಿತ್ರೆ ಬರೆಯುವವರು ಅಸ್ಟೇರ್‌ಗೆ ಪುಟಗಟ್ಟಲೆ ಜಾಗ ಕೊಟ್ಟಿದ್ದಾರೆ. ಪೊರಕೆ ಹಿಡಿದ ಈ ಹುಡುಗನಿಗೂ ಅದೇ ಅಧ್ಯಾಯದಲ್ಲಿ ಜಾಗ ಕೊಡಬೇಕು.