ಕಿಟ್ಟದೊಳಗಿನ ಲೋಹ

ಎರಕದ ಮನೆಯ ಕುಲುಮೆಯಲ್ಲಿ ಅಲ್ಯೂಮಿನಿಯಂ ಕರಗಿ ಕನ್ನಡಿಯಂತೆ ಹೊಳೆಯುತ್ತಿರುವಾಗಲೇ, ನೋಡುನೋಡುತ್ತಿದ್ದಂತೆ, ಕಾಯಿಸಿದ ಹಾಲಿನ ಮೇಲಣ ಕೆನೆಯೋಪಾದಿಯಲ್ಲಿ ಅದರ ಮೇಲೆ ಬೂದುಬಣ್ಣದ ಪೊರೆಯೊಂದು ಕಟ್ಟುವುದುಂಟು. ಉದ್ದ ಹಿಡಿಯ ಸಲಿಕೆಯಿಂದ ಅದನ್ನು ಬಾಚಿ ತೆಗೆಯದ ಹೊರತು ಎರಕವು ಶುದ್ಧವಾಗದು. ಕಾರ್ಖಾನೆಯವರು ಡ್ರಾಸ್ ಎಂದು ಕರೆಯುವ, ನಾವು ಕಮ್ಮಾರರ ಮಾತನ್ನು ಕಡ ತಂದು ಕಿಟ್ಟವೆನ್ನಬಹುದಾದ ಈ ವಸ್ತುವು ಕಣ್ಣಿಗೆ ಬರಿಯ ಬೂದಿ. ಆದರೆ ಆಗತಾನೆ ತೆಗೆದ ಬಿಳಿಯ ಕಿಟ್ಟದಲ್ಲಿ ಅನೇಕ ವೇಳೆ ಅರ್ಧಕ್ಕೂ ಮಿಗಿಲಾಗಿ ಲೋಹವೇ ಅಡಗಿರುತ್ತದೆ. ಅದಿರಿನಿಂದ ಒಂದು ಕಿಲೋಗ್ರಾಂ ಅಲ್ಯೂಮಿನಿಯಂ ಪಡೆಯಲು 13ರಿಂದ 15 ಯೂನಿಟ್ ವಿದ್ಯುತ್ತು ವ್ಯಯವಾಗುವುದನ್ನು ನೆನೆದರೆ, ಅಕ್ಕಸಾಲೆಯ ಅಂಗಡಿಯ ಕಸವನ್ನು ತೊಳೆದು ಚಿನ್ನದ ಕಣವನ್ನರಸುವವರಂತೆ ಈ ಬೂದಿಯ ಬೆನ್ನು ಹತ್ತುವವರಿರುವುದು ಸೋಜಿಗವಲ್ಲ.

ಲೋಹವು ಅಲ್ಲಿ ಸಿಕ್ಕಿಬಿದ್ದ ಬಗೆ ವಿಚಿತ್ರವಾದುದು. ನಮ್ಮ ಅಡುಗೆಮನೆಯ ಪಾತ್ರೆಯನ್ನು ಗಾಳಿಯಿಂದ ಕಾಯುವ ಆಕ್ಸೈಡಿನ ತೆಳುಪೊರೆಯೇ ಕುಲುಮೆಯಲ್ಲಿ ಲೋಹದ ಒಂದೊಂದು ಹನಿಯನ್ನೂ ಸುತ್ತಿಕೊಂಡು, ಮಗ್ಗುಲ ಹನಿಯೊಡನೆ ಬೆರೆಯಗೊಡದೆ ಬಂಧಿಸಿಡುತ್ತದೆ. ಲೋಹ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಪೊರೆಯಾದರೋ 2000 ಡಿಗ್ರಿ ದಾಟಿದರೂ ಕರಗುವ ಮಾತಿಲ್ಲ. ಬೆಂಕಿಯನ್ನು ಹೆಚ್ಚಿಸಿದರೆ ಒಳಗಿನ ಹನಿ ಬಿಡುಗಡೆಯಾಗುವ ಬದಲು ಸುಟ್ಟೇಹೋಗುತ್ತದೆ, ಮತ್ತು ಹಾಗೆ ಸುಡುವ ಅಲ್ಯೂಮಿನಿಯಮ್ಮಿನ ಶಾಖವು ಅಷ್ಟೇ ತೂಕದ ಒಳ್ಳೆಯ ಕಲ್ಲಿದ್ದಲಿನದಕ್ಕೆ ಹೆಚ್ಚುಕಡಿಮೆ ಸಾಟಿಯಾಗುವಂಥದು. ಆದಕಾರಣ ಕೆಂಪಗೆ ಕಾಯ್ದ ಕಿಟ್ಟವನ್ನು ಒತ್ತುಯಂತ್ರದಲ್ಲಿ ಹಿಂಡಿಯೋ, ಆರ್ಗಾನ್ ಅನಿಲದ ಮುಸುಕಿನಡಿ ಇಟ್ಟೋ ಬೇಗನೆ ತಣಿಸುತ್ತಾರೆ. ಮೊದಲ ಕೆಲವು ನಿಮಿಷಗಳ ಆಲಸ್ಯಕ್ಕೆ ತೆರುವ ಬೆಲೆ ಆ ಮೇಲಿನ ಇಡೀ ದಿನದ ಆಲಸ್ಯದ್ದಕ್ಕಿಂತ ದೊಡ್ಡದು.

ಆರಿದ ಕಿಟ್ಟವನ್ನು ಬಾಲ್ ಮಿಲ್ಲಿಗೆ ಹಾಕುವುದು ಸಣ್ಣ ಉದ್ಯಮಿಗಳ ಹಳೆಯ ದಾರಿ. ಉಕ್ಕಿನ ಗುಂಡುಗಳ ಪೆಟ್ಟಿಗೆ ಪೆಡಸಾದ ಆಕ್ಸೈಡು ಪುಡಿಯಾಗುತ್ತದೆ, ಮೆದುವಾದ ಲೋಹವು ಚಪ್ಪಟೆಯಾಗಿ ಜರಡಿಯ ಮೇಲೆ ಉಳಿಯುತ್ತದೆ. ಇನ್ನೊಂದು ದಾರಿ ಉಪ್ಪಿನದು. ನಾವುಣ್ಣುವ ಉಪ್ಪಿಗೆ ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸಿ, ಒಂದಿಷ್ಟು ಫ್ಲೋರೈಡನ್ನೂ ಕೂಡಿಸಿ, ತಿರುಗುವ ಕುಲುಮೆಯಲ್ಲಿ ಕಿಟ್ಟದೊಡನೆ ಕಾಯಿಸುತ್ತಾರೆ. ಬಿಡಿಬಿಡಿಯಾಗಿ 801 ಮತ್ತು 770 ಡಿಗ್ರಿಗಳಲ್ಲಿ ಕರಗುವ ಆ ಎರಡು ಲವಣಗಳು, ತಕ್ಕ ಪಾಕದಲ್ಲಿ ಕೂಡಿದಾಗ, ಹೆಚ್ಚುಕಡಿಮೆ ಅಲ್ಯೂಮಿನಿಯಂ ಕರಗುವ ಉಷ್ಣತೆಗೇ ದ್ರವವಾಗುವುದು ಪ್ರಕೃತಿಯ ಔದಾರ್ಯವೆಂದೇ ನನಗೆ ತೋರುತ್ತದೆ. ಈ ದ್ರವವು ಪೊರೆಯನ್ನು ಕರಗಿಸಿಬಿಡುವುದೆಂದು ಮೊದಲು ನಾನು ಭಾವಿಸಿದ್ದೆ. ನಿಜವಾಗಿ ಅದು ಪೊರೆಯನ್ನು ಬಿರುಕುಗೊಳಿಸಿ ಲೋಹದಿಂದ ಕಳಚುತ್ತದೆ, ಅಷ್ಟೆ. ಕವಚ ಕಳಚಿದ ಹನಿಗಳು ಒಂದನ್ನೊಂದು ಕೂಡಿ, ಭಾರವಾಗಿ, ತಳಕ್ಕಿಳಿದು ಕೊಳವಾಗುತ್ತವೆ. ಗಾಳಿ ಮತ್ತೆ ಮುಟ್ಟದಂತೆ ಉಪ್ಪೇ ಅವುಗಳ ಮೇಲೆ ಹೊದಿಕೆಯಾಗಿ ನಿಲ್ಲುತ್ತದೆ.

ಆದರೆ ಉಪ್ಪಿನ ಋಣವೂ ಉಂಟು. ಲೋಹ ಹರಿದುಹೋದ ಬಳಿಕ ಉಳಿಯುವ ಉಪ್ಪುಗಟ್ಟಿಯನ್ನು ಬಯಲಿಗೆ ಸುರಿದರೆ ಮಳೆನೀರಿನಲ್ಲಿ ಕರಗಿ ಬಾವಿಗಳನ್ನು ಸೇರುತ್ತದೆ. ಅದರಲ್ಲಿರುವ ಅಲ್ಯೂಮಿನಿಯಂ ನೈಟ್ರೈಡು ನೀರು ತಾಗಿದೊಡನೆ ಮೂಗು ಬಿಗಿಯುವ ಅಮೋನಿಯವನ್ನೂ, ಕಾರ್ಬೈಡು ಹೊತ್ತಿಕೊಳ್ಳುವ ಮೀಥೇನನ್ನೂ ಉಗುಳುತ್ತವೆ. ಮೊದಲ ಮಳೆಗೆ ಮಣ್ಣಿನ ಕಂಪನ್ನು ನಿರೀಕ್ಷಿಸುವ ಊರಿಗೆ ಈ ಘಾಟು ಬರುವುದು ಸಣ್ಣ ಅನ್ಯಾಯವಲ್ಲ. ಉಪ್ಪಿನ ಹಂಗೇ ಬೇಡವೆಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಅಲ್ಕ್ಯಾನ್ ಸಂಸ್ಥೆಯವರು ಪ್ಲಾಸ್ಮಾ ಜ್ವಾಲೆಯ ಕುಲುಮೆಯನ್ನು ನಡೆಸಿದರು. ಯೂರೋಪಿನಲ್ಲಿ ಉಪ್ಪುಗಟ್ಟಿಯನ್ನು ನೀರಿನಲ್ಲಿ ಕದಡಿ, ಸೋಸಿ, ಹಿಂಗಿಸಿ, ಅದೇ ಉಪ್ಪನ್ನು ಮರಳಿ ಕುಲುಮೆಗೆ ಕಳುಹಿಸುವ ಸ್ಥಾವರಗಳಿವೆ. ನಮ್ಮಲ್ಲಿ 1989ರಲ್ಲಿ ನಾಗಪುರದಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಅಲ್ಯೂಮಿನಿಯಂ ಸಂಶೋಧನ ಕೇಂದ್ರವು ಕಿಟ್ಟದ ಸದುಪಯೋಗವನ್ನು ತನ್ನ ವ್ಯಾಸಂಗದ ವಿಷಯಗಳಲ್ಲೊಂದಾಗಿಸಿಕೊಂಡಿದೆ. ಲೋಹವೂ ಉಪ್ಪೂ ಹೋದ ಮೇಲೆ ಉಳಿಯುವ ಆಕ್ಸೈಡಿನ ಪುಡಿ, ಅಂದರೆ ಆ ಹಳೆಯ ಪೊರೆಯೇ, ಸಿಮೆಂಟಿನ ಗೂಡಿಗೂ ಬೆಂಕಿ ತಾಳುವ ಇಟ್ಟಿಗೆಗೂ ಸಲ್ಲುತ್ತದೆ.